ಹೆಸರಿಗೆ ಆಡು, ಸಂಬಂಧದಲ್ಲಿ ಕುರಿ: ಮುನ್ನಾರ್ ಬೆಟ್ಟದ ವರಯಾಡಿನ ಬಗ್ಗೆ ನಿಮಗೆಷ್ಟು ಗೊತ್ತು?

ಎರಡು ದಿನ ಒಟ್ಟಿಗೆ ರಜೆ ಸಿಕ್ಕಿದರೆ ಸಾಕು, ಉಳ್ಳಾಲ, ಬಂಟ್ವಾಳ, ಮಂಜೇಶ್ವರ, ಕಾಸರಗೋಡು ಕಡೆಯ ನಮ್ಮ ಹುಡುಗರ ಕಾರು-ಬೈಕುಗಳು ಮುನ್ನಾರ್ ದಾರಿ ಹಿಡಿಯುತ್ತವೆ. ಚಹಾ ತೋಟ, ಮಂಜು, ರಸ್ತೆ ಬದಿಯ ಬಿಸಿ ಆಮ್ಲೆಟ್ ಎಲ್ಲ ಆದ ಮೇಲೆ ಕೊನೆಗೆ ರಾಜಮಲೆ. ಅಲ್ಲಿಗೆ ಹೋಗಿ ಬಂದವರ ಮೊಬೈಲಿನಲ್ಲಿ ಒಂದು ಫೋಟೋ ಇದ್ದೇ ಇರುತ್ತದೆ. ಬಂಡೆಯ ತುದಿಯಲ್ಲಿ ನಾಲ್ಕೂ ಕಾಲು ಒಟ್ಟಿಗೆ ಇಟ್ಟು ನಿಂತ, ಕೊಂಬು ಹಿಂದಕ್ಕೆ ಬಾಗಿದ, ಗಟ್ಟಿ ಮೈಯ ಒಂದು ಪ್ರಾಣಿ. ಅದರ ಕೆಳಗೆ "ಕಾಡು ಆಡು" ಎಂದು ಬರೆದು ಸ್ಟೇಟಸ್ ಹಾಕಿದರೆ ವಿಷಯ ಮುಗಿಯಿತು.

ಆದರೆ ವಿಷಯ ಅಲ್ಲಿಗೆ ಮುಗಿಯುವುದಿಲ್ಲ. ಆ ಪ್ರಾಣಿ ಪಶ್ಚಿಮ ಘಟ್ಟದ ದಕ್ಷಿಣ ತುದಿ ಬಿಟ್ಟರೆ ಲೋಕದ ಬೇರೆ ಯಾವ ಕಾಡಿನಲ್ಲೂ ಇಲ್ಲ. 2025ರ ಏಪ್ರಿಲ್‌ನಲ್ಲಿ ಕೇರಳ ಮತ್ತು ತಮಿಳುನಾಡು ಅರಣ್ಯ ಇಲಾಖೆಗಳು ಒಟ್ಟಿಗೆ ನಡೆಸಿದ ಗಣತಿಯಲ್ಲಿ ಸಿಕ್ಕ ಲೆಕ್ಕ 2,668. ನಮ್ಮ ಕಡೆಯ ಒಂದು ದೊಡ್ಡ ಮದುವೆಗೆ ಇದಕ್ಕಿಂತ ಹೆಚ್ಚು ಜನ ಬರುತ್ತಾರೆ! ಒಂದು ಇಡೀ ಪ್ರಭೇದ ಅಂದರೆ ಅಷ್ಟೇ. ಹಾಗಾಗಿ ಮುಂದಿನ ಸಲ ರಾಜಮಲೆ ಹತ್ತುವ ಮೊದಲು ಈ ಪ್ರಾಣಿ ಯಾರು, ಎಲ್ಲಿಂದ ಬಂತು, ಯಾಕೆ ಇಷ್ಟು ಕಡಿಮೆಯಾಯಿತು ಎಂದು ತಿಳಿದುಕೊಳ್ಳುವುದು ಒಳ್ಳೆಯದು.

ಹೆಸರಿನ ಕಥೆ

ಇಂಗ್ಲಿಷಿನವರು ಇದನ್ನು ನೀಲಗಿರಿ ಥಾರ್ ಎನ್ನುತ್ತಾರೆ. ಕನ್ನಡ ಪತ್ರಿಕೆಗಳಲ್ಲೂ ಅದೇ ಹೆಸರು ನಡೆಯುತ್ತದೆ. ತಮಿಳಿನಲ್ಲಿ ವರೈಯಾಡು, ಮಲಯಾಳದಲ್ಲಿ ವರಯಾಡ್. ತಮಿಳಿನಲ್ಲಿ 'ವರೈ' ಎಂದರೆ ಬೆಟ್ಟ, ಕಡಿದಾದ ಬೆಟ್ಟದ ಬದಿ. ಮಳೆಗಾಲದಲ್ಲಿ ನಮ್ಮಲ್ಲಿ "ಮನೆಯ ಹಿಂದಿನ ಬರೆ ಜರಿಯಿತು" ಎನ್ನುತ್ತೇವಲ್ಲ, ಆ 'ಬರೆ' ಕೇಳಿದ ಕಿವಿಗೆ ಈ 'ವರೈ' ಅಪರಿಚಿತ ಅನಿಸುವುದಿಲ್ಲ. 'ಆಡು' ಅಂತೂ ಮೂರೂ ಭಾಷೆಯಲ್ಲಿ ಆಡೇ. ಒಟ್ಟಿನಲ್ಲಿ 'ಕಡಿದಾದ ಬೆಟ್ಟದ ಆಡು'. ಈ ಪ್ರಾಣಿಯನ್ನು ನೋಡಿದವರಿಗೆ ಇದಕ್ಕಿಂತ ಸರಿಯಾದ ಹೆಸರು ಬೇರೆ ಸಿಗಲಿಕ್ಕಿಲ್ಲ.

ತಮಿಳಿನ ಹಳೆಯ ಸಾಹಿತ್ಯದಲ್ಲೂ ಈ ಪ್ರಾಣಿಯ ಪ್ರಸ್ತಾಪ ಉಂಟು. ತಮಿಳುನಾಡು ಇದನ್ನು ರಾಜ್ಯ ಪ್ರಾಣಿ ಎಂದು ಘೋಷಿಸಿದೆ.

ವಿಜ್ಞಾನಿಗಳು 1838ರಲ್ಲಿ ಇದನ್ನು ಮೊದಲ ಬಾರಿ ದಾಖಲಿಸಿದರು. ಆಮೇಲೆ ಬಹಳ ಕಾಲ ಹಿಮಾಲಯದ ಥಾರ್, ಅರೇಬಿಯಾದ ಥಾರ್ ಮತ್ತು ನಮ್ಮ ನೀಲಗಿರಿ ಥಾರ್ ಮೂರೂ ಅಣ್ಣತಮ್ಮಂದಿರು ಎಂದೇ ನಂಬಲಾಗಿತ್ತು. ನೋಡಲಿಕ್ಕೆ ಹಾಗೇ ಉಂಟು, ಬದುಕುವ ರೀತಿಯೂ ಹಾಗೇ ಉಂಟು. ಆದರೆ 2005ರಲ್ಲಿ ಪ್ಯಾರಿಸಿನ ಇಬ್ಬರು ಸಂಶೋಧಕರು ಮೂರರ ಡಿಎನ್‌ಎ ಹೋಲಿಸಿ ನೋಡಿದಾಗ ಕಥೆಯೇ ಬದಲಾಯಿತು. ಹಿಮಾಲಯದ ಥಾರ್ ಆಡಿಗೆ ಹತ್ತಿರ. ಅರೇಬಿಯಾದ ಥಾರ್ ಉತ್ತರ ಆಫ್ರಿಕಾದ ಬಾರ್ಬರಿ ಕುರಿಗೆ ಹತ್ತಿರ. ನಮ್ಮ ನೀಲಗಿರಿ ಥಾರ್ ಮಾತ್ರ ಕುರಿಗೆ ಹತ್ತಿರ! ಹೆಸರಿನಲ್ಲಿ ಆಡು, ಸಂಬಂಧದಲ್ಲಿ ಕುರಿ. ಹಾಗಾಗಿ ಮೂರಕ್ಕೂ ಬೇರೆ ಬೇರೆ ಕುಲದ ಹೆಸರು ಕೊಟ್ಟರು. ನಮ್ಮದು ಈಗ 'ನೀಲಗಿರಿಟ್ರಾಗಸ್' ಕುಲ. ಆ ಕುಲದಲ್ಲಿ ಇದೊಂದೇ ಪ್ರಾಣಿ. ಇದು ಹೋದರೆ ಆ ಮನೆತನವೇ ಮುಗಿಯಿತು.

ಹಾಗಾದರೆ ಮೂರೂ ಒಂದೇ ತರ ಕಾಣುವುದು ಯಾಕೆ? ಕಡಿದಾದ ಬಂಡೆಯ ಮೇಲೆ ಬದುಕಬೇಕಾದರೆ ಗಿಡ್ಡ ಗಟ್ಟಿ ಕಾಲು, ಜಾರದ ಗೊರಸು, ಹಿಂದಕ್ಕೆ ಬಾಗಿದ ಕೊಂಬು ಬೇಕು. ಬೇರೆ ಬೇರೆ ಕುಟುಂಬದವರಾದರೂ ಒಂದೇ ಕೆಲಸಕ್ಕೆ ಇಳಿದರೆ ಕೈಗೆ ಒಂದೇ ತರದ ಹತ್ಯಾರು ಬರುತ್ತದೆ, ಅಲ್ವಾ? ಪ್ರಕೃತಿಯಲ್ಲೂ ಹಾಗೆಯೇ.

ಮೈಕಟ್ಟು ಹೇಗೆ?

ಬೆಳೆದ ಗಂಡು ಹೆಣ್ಣಿಗಿಂತ ಬಹಳ ದೊಡ್ಡದು. ಗಂಡು ಸುಮಾರು 100 ಕಿಲೋ ತೂಗಬಹುದು, ಹೆಣ್ಣು ಅದರ ಅರ್ಧದಷ್ಟು. ಕೊಂಬು ಎರಡಕ್ಕೂ ಉಂಟು, ಗಂಡಿನದ್ದು ದಪ್ಪ ಮತ್ತು ಉದ್ದ. ಹೆಣ್ಣು ಮತ್ತು ಮರಿಗಳ ಬಣ್ಣ ಬೂದು ಮಿಶ್ರಿತ ಕಂದು. ಗಂಡಿಗೆ ವಯಸ್ಸಾಗುತ್ತಾ ಹೋದಂತೆ ಮೈ ಕಡು ಕಂದಾಗುತ್ತದೆ, ಬೆನ್ನಿನ ಮೇಲೆ ತಡಿ ಹಾಕಿದ ಹಾಗೆ ಬೆಳ್ಳಿ ಬಣ್ಣದ ಒಂದು ಪಟ್ಟೆ ಮೂಡುತ್ತದೆ. ಇದನ್ನೇ ನೋಡಿ ಇಂಗ್ಲಿಷರು ಅದಕ್ಕೆ 'ಸ್ಯಾಡಲ್‌ಬ್ಯಾಕ್' ಎಂದು ಹೆಸರಿಟ್ಟರು. ಹಿಮಾಲಯದ ಥಾರಿಗೆ ಕುತ್ತಿಗೆಯ ಸುತ್ತ ಉದ್ದ ಕೂದಲಿನ ಕೇಸರ ಉಂಟು. ನಮ್ಮದಕ್ಕೆ ಅದಿಲ್ಲ, ಕೂದಲು ಗಿಡ್ಡ.

ಬಂಡೆ ಹತ್ತುವ ಗುಟ್ಟು ಗೊರಸಿನಲ್ಲಿದೆ. ಇಂತಹ ಬೆಟ್ಟದ ಪ್ರಾಣಿಗಳ ಗೊರಸಿನ ಅಂಚು ಗಟ್ಟಿ, ಮಧ್ಯದ ಭಾಗ ಮೆತ್ತಗೆ, ಹೆಚ್ಚುಕಡಿಮೆ ರಬ್ಬರಿನ ಹಾಗೆ. ಅಂಚು ಬಂಡೆಯ ಸಣ್ಣ ಬಿರುಕಿಗೆ ಸಿಕ್ಕಿಕೊಳ್ಳುತ್ತದೆ, ಮೆತ್ತನೆಯ ಭಾಗ ಕಲ್ಲಿಗೆ ಅಂಟಿದ ಹಾಗೆ ಕೂರುತ್ತದೆ. ಮಳೆಯಲ್ಲಿ ಪಾಚಿ ಹಿಡಿದ ಕಲ್ಲಿನ ಮೇಲೆ ನಮ್ಮ ದುಬಾರಿ ಶೂ ಜಾರುವಾಗ ಮರಿ ವರಯಾಡು ಪಕ್ಕದಲ್ಲೇ ಓಡುತ್ತಾ ಹೋಗುತ್ತದೆ.

ಬಂಡೆ ಅದಕ್ಕೆ ಆಟದ ಜಾಗ ಮಾತ್ರ ಅಲ್ಲ, ಪ್ರಾಣ ಉಳಿಸುವ ಕೋಟೆ. ಚಿರತೆ, ಹುಲಿ, ಸೀಳುನಾಯಿ ಇದರ ಮುಖ್ಯ ಶತ್ರುಗಳು. ಬಯಲಿನಲ್ಲಿ ಓಡಿ ಇವುಗಳಿಂದ ತಪ್ಪಿಸಿಕೊಳ್ಳುವುದು ಕಷ್ಟ. ಹಾಗಾಗಿ ವರಯಾಡು ಹುಲ್ಲು ಮೇಯುವುದು ಬಯಲಿನಲ್ಲಾದರೂ ಕಡಿದಾದ ಬಂಡೆಯಿಂದ ಬಹಳ ದೂರ ಹೋಗುವುದಿಲ್ಲ. ಹಿಂಡು ಮೇಯುವಾಗ, ಮಲಗಿರುವಾಗ ಒಂದು ಎತ್ತರದ ಕಲ್ಲಿನ ಮೇಲೆ ನಿಂತು ಕಾವಲು ಕಾಯುತ್ತದೆ, ಹೆಚ್ಚಾಗಿ ವಯಸ್ಸಾದ ಹೆಣ್ಣು. ಅದರ ದೃಷ್ಟಿ ಬಹಳ ಚುರುಕು. ಕೆಳಗಿನ ಇಳಿಜಾರಿನಲ್ಲಿ ಏನಾದರೂ ಅಲ್ಲಾಡಿದರೆ ಸಿಳ್ಳೆಯಂತಹ ಎಚ್ಚರಿಕೆಯ ಸದ್ದು ಬರುತ್ತದೆ. ಕ್ಷಣದಲ್ಲಿ ಇಡೀ ಹಿಂಡು ಬಂಡೆಯ ಅಂಚಿಗೆ.

ಮಳೆಗಾಲದ ಕಾಳಗ, ಚಳಿಗಾಲದ ಮರಿ

ವರಯಾಡಿನ ವರ್ಷ ಮುಂಗಾರಿನ ಲೆಕ್ಕದಲ್ಲಿ ನಡೆಯುತ್ತದೆ. ಹೆಣ್ಣುಗಳು ಮತ್ತು ಮರಿಗಳು ವರ್ಷವಿಡೀ ಹಿಂಡಿನಲ್ಲಿ ಇರುತ್ತವೆ. ದೊಡ್ಡ ಗಂಡುಗಳು ಹೆಚ್ಚಿನ ಸಮಯ ಬೇರೆಯೇ ತಿರುಗುತ್ತವೆ. ಜೂನ್ ಮುಗಿದು ಜುಲೈ-ಆಗಸ್ಟ್‌ನ ಜೋರು ಮಳೆ ಶುರುವಾದಾಗ ಅವು ಹೆಣ್ಣುಗಳ ಹಿಂಡಿಗೆ ಬಂದು ಸೇರುತ್ತವೆ. ಆಗಲೇ ಕೊಂಬಿಗೆ ಕೊಂಬು ಕೊಟ್ಟು ಕಾಳಗ. ಗೆದ್ದವನಿಗೆ ಹೆಣ್ಣು.

ಗರ್ಭ ಸುಮಾರು ಆರು ತಿಂಗಳು. ಹಾಗಾಗಿ ಹೆಚ್ಚಿನ ಮರಿಗಳು ಜನವರಿ-ಫೆಬ್ರವರಿಯಲ್ಲಿ ಹುಟ್ಟುತ್ತವೆ. ಸಾಮಾನ್ಯವಾಗಿ ಒಂದು ಹೆಣ್ಣಿಗೆ ಒಂದೇ ಮರಿ. ಹುಟ್ಟಿದ ಕೆಲವೇ ಸಮಯದಲ್ಲಿ ಮರಿ ಎದ್ದು ತಾಯಿಯ ಹಿಂದೆ ಹೆಜ್ಜೆ ಹಾಕಬೇಕು, ಇಲ್ಲದಿದ್ದರೆ ಉಳಿಗಾಲ ಇಲ್ಲ. ಎಲ್ಲ ಸರಿ ಇದ್ದರೆ ಒಂದು ವರಯಾಡು ಒಂಬತ್ತು ವರ್ಷದವರೆಗೆ ಬದುಕಬಹುದು. ಆದರೆ ಕಾಡಿನಲ್ಲಿ ಹೆಚ್ಚಿನವು ಅಷ್ಟು ದೂರ ಹೋಗುವುದಿಲ್ಲ.

"ಫೆಬ್ರವರಿಯಲ್ಲಿ ಅಷ್ಟು ದೂರ ಹೋದೆವು, ಗೇಟ್ ಬಂದ್ ಮಾರಾಯ್ರೆ" ಎಂದು ಬೇಸರಪಟ್ಟುಕೊಂಡು ಬರುವವರು ಉಂಟು. ಕಾರಣ ಇದೇ. ಮರಿ ಹಾಕುವ ಕಾಲದಲ್ಲಿ, ಸಾಮಾನ್ಯವಾಗಿ ಫೆಬ್ರವರಿ-ಮಾರ್ಚ್ ತಿಂಗಳಲ್ಲಿ, ಎರವಿಕುಳಂ ರಾಷ್ಟ್ರೀಯ ಉದ್ಯಾನಕ್ಕೆ ಪ್ರವಾಸಿಗರನ್ನು ಬಿಡುವುದಿಲ್ಲ. ನಮ್ಮ ಮನೆಯಲ್ಲಿ ಬಾಣಂತಿ ಇರುವಾಗ ದಿನಾ ನೂರಾರು ಜನ ಬಂದು ಇಣುಕಿದರೆ ಹೇಗಿರುತ್ತದೆ? ಅಷ್ಟೇ ವಿಷಯ.

ಹುಲ್ಲು ಅಂದರೆ ಬರೀ ಹುಲ್ಲಲ್ಲ

ವರಯಾಡು ಸಮುದ್ರ ಮಟ್ಟದಿಂದ ಸುಮಾರು 1,200 ಮೀಟರ್‌ನಿಂದ 2,600 ಮೀಟರ್ ಎತ್ತರದ ನಡುವೆ ಹೆಚ್ಚಾಗಿ ಕಾಣಸಿಗುತ್ತದೆ. ಆ ಎತ್ತರದಲ್ಲಿ ಪಶ್ಚಿಮ ಘಟ್ಟದ ರೂಪವೇ ಬೇರೆ. ಬೆಟ್ಟದ ಮೇಲ್ಭಾಗ ಪೂರಾ ಹುಲ್ಲು, ಕಣಿವೆಯ ಮಡಿಲಿನಲ್ಲಿ ಮಾತ್ರ ಗಿಡ್ಡ ಮರಗಳ ದಟ್ಟ ಕಾಡು. ಇದನ್ನೇ ಶೋಲಾ ಎನ್ನುವುದು. ಹನ್ನೆರಡು ವರ್ಷಕ್ಕೊಮ್ಮೆ ನೀಲಕುರಿಂಜಿ ಅರಳಿ ಬೆಟ್ಟವನ್ನೇ ನೀಲಿ ಮಾಡುವುದೂ ಇದೇ ಹುಲ್ಲುಗಾವಲಿನಲ್ಲಿ. ಕಳೆದ ಬಾರಿ ಮುನ್ನಾರ್‌ನಲ್ಲಿ ಅರಳಿದ್ದು 2018ರಲ್ಲಿ, ಮುಂದಿನದ್ದು 2030ಕ್ಕೆ.

ಮುಂಗಾರಿನ ನೀರನ್ನು ಸ್ಪಂಜಿನ ಹಾಗೆ ಹೀರಿಕೊಂಡು ಬೇಸಿಗೆಯವರೆಗೆ ಸ್ವಲ್ಪ ಸ್ವಲ್ಪವೇ ಬಿಡುವುದು ಈ ಹುಲ್ಲು ಮತ್ತು ಶೋಲಾಗಳ ಕೆಲಸ. ಪೈಕಾರ, ಭವಾನಿ, ಪಾಂಬಾರ್ ಮುಂತಾದ ಹೊಳೆಗಳು ಹುಟ್ಟುವುದು ಇಂತಹ ಎತ್ತರದಲ್ಲಿ. ಕೆಳಗಿನ ಬಯಲಿನಲ್ಲಿ ಲಕ್ಷಾಂತರ ಜನರ ನಲ್ಲಿಗೆ, ಗದ್ದೆಗೆ ಬರುವ ನೀರು ಮೇಲೆ ವರಯಾಡು ಮೇಯುವ ಬೆಟ್ಟದಿಂದ ಇಳಿದದ್ದು. ಆದ್ದರಿಂದ ಈ ಪ್ರಾಣಿಯನ್ನು ಉಳಿಸುವ ಮಾತು ಬಂದಾಗ "ಒಂದು ಆಡಿಗೆ ಯಾಕೆ ಇಷ್ಟು ಖರ್ಚು?" ಎಂದು ಕೇಳುವವರಿಗೆ ಉತ್ತರ ಇಲ್ಲೇ ಇದೆ. ಆಡು ಉಳಿಯಬೇಕಾದರೆ ಹುಲ್ಲು ಉಳಿಯಬೇಕು, ಹುಲ್ಲು ಉಳಿದರೆ ನೀರು ಉಳಿಯುತ್ತದೆ.

ಬೇಟೆಗಿಂತ ದೊಡ್ಡ ಹೊಡೆತ

ಬ್ರಿಟಿಷರು ನೀಲಗಿರಿ, ಮುನ್ನಾರ್ ಬೆಟ್ಟಗಳಿಗೆ ಬಂದ ಮೇಲೆ ಕೋವಿ ಹಿಡಿದವರಿಗೆ ಈ ಪ್ರಾಣಿ ಒಂದು ಮೋಜಾಯಿತು. ಬೇಕಾಬಿಟ್ಟಿ ಬೇಟೆ ನಡೆಯಿತು. ಇಪ್ಪತ್ತನೇ ಶತಮಾನದ ಆರಂಭದ ಹೊತ್ತಿಗೆ ನೂರರ ಆಸುಪಾಸಿಗೆ ಇಳಿದಿತ್ತು ಎಂದೂ ಹೇಳುತ್ತಾರೆ. ಆಶ್ಚರ್ಯ ಏನೆಂದರೆ, ಮುನ್ನಾರ್‌ನಲ್ಲಿ ಇದನ್ನು ಉಳಿಸಿದವರಲ್ಲೂ ಅದೇ ಚಹಾ ತೋಟದ ಬೇಟೆಗಾರರು ಇದ್ದರು. ಎರವಿಕುಳಂ ಪ್ರಸ್ಥಭೂಮಿ ಚಹಾ ಬೆಳೆಯಲು ಅಷ್ಟು ಹೊಂದುತ್ತಿರಲಿಲ್ಲ. ಕಣ್ಣನ್ ದೇವನ್ ಕಂಪೆನಿಯ ತೋಟದವರು ಅದನ್ನು ತಮ್ಮ ಬೇಟೆಯ ಮೀಸಲು ಜಾಗವಾಗಿ ಇಟ್ಟುಕೊಂಡರು, ಹೊರಗಿನವರ ಬೇಟೆ ತಡೆದರು. ಕಾವಲಿಗೆ, ದಾರಿ ತೋರಿಸಲಿಕ್ಕೆ ಬೆಟ್ಟದ ಮುದುವಾನ್ ಜನರು ಇದ್ದರು. ಬೆಟ್ಟದ ಒಂದೊಂದು ಬಂಡೆಯ ಗುರುತು ಇದ್ದದ್ದು ಅವರಿಗೆ.

1971ರಲ್ಲಿ ಕೇರಳ ಸರಕಾರ ಆ ಜಾಗವನ್ನು ವಾಪಸ್ ತೆಗೆದುಕೊಂಡಿತು. 1975ರಲ್ಲಿ ಅಭಯಾರಣ್ಯ, 1978ರಲ್ಲಿ ರಾಷ್ಟ್ರೀಯ ಉದ್ಯಾನ ಎಂದು ಘೋಷಣೆಯಾಯಿತು. ವಿಸ್ತಾರ 97 ಚದರ ಕಿಲೋಮೀಟರ್. ದಕ್ಷಿಣ ಭಾರತದ ಅತಿ ಎತ್ತರದ ಶಿಖರ ಆನಮುಡಿ, 2,695 ಮೀಟರ್, ಇರುವುದೂ ಇಲ್ಲೇ. ಇಂದು ವರಯಾಡು ಅತಿ ಹೆಚ್ಚು ಇರುವುದು ಎರವಿಕುಳಂನಲ್ಲೇ. 2025ರ ಗಣತಿಯಲ್ಲಿ ಇಲ್ಲಿ ಮಾತ್ರ 841 ಸಿಕ್ಕವು.

ಇಡೀ ಲೆಕ್ಕ ನೋಡಿದರೆ ಬೇಟೆಗಿಂತ ದೊಡ್ಡ ಹೊಡೆತ ಕೊಟ್ಟದ್ದು ಮರ! ಕೇಳಲಿಕ್ಕೆ ವಿಚಿತ್ರ ಅನಿಸಬಹುದು. ಹುಲ್ಲುಗಾವಲು ಎಂದರೆ 'ಪಾಳುಭೂಮಿ' ಎಂದು ಆಗಿನ ಆಡಳಿತ ಭಾವಿಸಿತು. ಚಹಾ ಹಾಕಿದರು, ನೀಲಗಿರಿ ಮರ ನೆಟ್ಟರು, ಚರ್ಮ ಹದ ಮಾಡುವ ತೊಗಟೆಗಾಗಿ ಆಸ್ಟ್ರೇಲಿಯಾದಿಂದ ಬಂದ ವ್ಯಾಟಲ್ ನೆಟ್ಟರು, ಪೈನ್ ನೆಟ್ಟರು. ಸ್ವಾತಂತ್ರ್ಯದ ನಂತರವೂ ಇದು ನಿಲ್ಲಲಿಲ್ಲ. ವ್ಯಾಟಲ್ ಅಂತೂ ನೆಟ್ಟ ಜಾಗದಲ್ಲಿ ನಿಲ್ಲುವ ಜಾತಿಯಲ್ಲ, ಬೀಜ ಬಿದ್ದಲ್ಲೆಲ್ಲ ಹಬ್ಬುತ್ತದೆ. ಅದರ ನೆರಳಿನಲ್ಲಿ ಹುಲ್ಲು ಸಾಯುತ್ತದೆ. ಹುಲ್ಲು ಸತ್ತಲ್ಲಿ ವರಯಾಡಿಗೆ ಊಟ ಇಲ್ಲ, ಮರಗಳ ನಡುವೆ ಶತ್ರುವನ್ನು ದೂರದಿಂದ ನೋಡುವ ಅವಕಾಶವೂ ಇಲ್ಲ. ನಮ್ಮ ಶಾಲೆಗಳಲ್ಲಿ "ಗಿಡ ನೆಡಿ, ಪರಿಸರ ಉಳಿಸಿ" ಎಂದು ಹೇಳಿಕೊಡುತ್ತಾರೆ. ಅದು ಸರಿಯೇ. ಆದರೆ ಎಲ್ಲಿ ಯಾವ ಗಿಡ ಎಂದು ಕೇಳದೆ ನೆಟ್ಟರೆ ಅದೇ ಗಿಡ ಒಂದು ಕಾಡನ್ನು ಕೊಲ್ಲಬಹುದು ಎಂಬುದಕ್ಕೆ ನೀಲಗಿರಿ ಬೆಟ್ಟವೇ ಸಾಕ್ಷಿ.

ಒಂದು ಬೆಟ್ಟದಿಂದ ಇನ್ನೊಂದಕ್ಕೆ ದಾರಿ ಇಲ್ಲ

ಹಿಂದೆ ಕೊಡಗಿನ ದಕ್ಷಿಣದ ಬ್ರಹ್ಮಗಿರಿ ಬೆಟ್ಟದವರೆಗೂ ವರಯಾಡು ಇತ್ತು ಎಂದು ಹಳೆಯ ಬರಹಗಳು ಹೇಳುತ್ತವೆ. ಈಗ ಕರ್ನಾಟಕದಲ್ಲಿ ಇಲ್ಲ. ನೀಲಗಿರಿಯಿಂದ ಕನ್ಯಾಕುಮಾರಿ ಕಡೆಯ ಬೆಟ್ಟಗಳವರೆಗೆ ಅಲ್ಲೊಂದು ಇಲ್ಲೊಂದು ಗುಂಪು ಉಳಿದಿದೆ. ತಮಿಳುನಾಡಿನ ಮುಕುರ್ತಿ ರಾಷ್ಟ್ರೀಯ ಉದ್ಯಾನವನ್ನು ಮಾಡಿದ್ದೇ ಮುಖ್ಯವಾಗಿ ಈ ಪ್ರಾಣಿಗಾಗಿ. ಆನಮಲೆಯ ಹುಲ್ಲುಬೆಟ್ಟಗಳಲ್ಲೂ ಒಳ್ಳೆಯ ಹಿಂಡುಗಳಿವೆ. ಪೊಳ್ಳಾಚಿಯಿಂದ ವಾಲ್ಪಾರೈಗೆ ಘಾಟಿ ಹತ್ತುವಾಗ ರಸ್ತೆಯ ತಿರುವಿನಲ್ಲೇ ಇವು ನಿಂತಿರುವುದನ್ನು ನೀವೂ ನೋಡಿರಬಹುದು.

ಎತ್ತರದ ಪ್ರಾಣಿಗೆ ಬೆಟ್ಟದ ತಲೆ ಒಂದು ದ್ವೀಪದ ಹಾಗೆ. ಮಧ್ಯದ ತಗ್ಗು ಪ್ರದೇಶ ಅದಕ್ಕೆ ಸಮುದ್ರ. ಆ ತಗ್ಗಿನಲ್ಲಿ ಈಗ ತೋಟ, ರಸ್ತೆ, ಅಣೆಕಟ್ಟು, ರೆಸಾರ್ಟ್. ಪಾಲ್ಘಾಟ್ ಕಣಿವೆಯ ಉತ್ತರದ ವರಯಾಡುಗಳಿಗೂ ದಕ್ಷಿಣದವುಗಳಿಗೂ ಸಂಪರ್ಕವೇ ಇಲ್ಲ. ಹತ್ತು-ಹದಿನೈದು ಪ್ರಾಣಿಗಳ ಸಣ್ಣ ಗುಂಪು ಒಂದು ಬೆಟ್ಟದಲ್ಲಿ ಸಿಕ್ಕಿಬಿದ್ದರೆ ಹೊರಗಿನ ರಕ್ತ ಬರುವುದಿಲ್ಲ, ಒಳಗೊಳಗೇ ಕೂಡಿ ಸಂತತಿ ದುರ್ಬಲವಾಗುತ್ತದೆ. ಒಂದು ರೋಗ ಅಥವಾ ಒಂದು ಕಾಳ್ಗಿಚ್ಚು ಬಂದರೆ ಸಾಕು, ಆ ಬೆಟ್ಟ ಖಾಲಿ. ಜೊತೆಗೆ ಬಿಸಿಲೂ ಏರುತ್ತಿದೆ. ಬಿಸಿ ಹೆಚ್ಚಾದಾಗ ತಂಪು ಹುಡುಕಿ ಮೇಲಕ್ಕೆ ಹೋಗಬೇಕು. ಈಗಾಗಲೇ ಶಿಖರದಲ್ಲಿ ಇರುವ ಪ್ರಾಣಿ ಇನ್ನೂ ಮೇಲಕ್ಕೆ ಎಲ್ಲಿಗೆ ಹೋಗಬೇಕು?

ಹಿಮಾಲಯದ ಥಾರಿನ ಕಥೆ ಇದಕ್ಕೆ ಪೂರಾ ಉಲ್ಟಾ. ಅದನ್ನು 1904ರಲ್ಲಿ ನ್ಯೂಜಿಲೆಂಡ್‌ಗೆ ಸಾಗಿಸಿ ಬಿಟ್ಟರು. ಅಲ್ಲಿ ಅದು ಸಾವಿರಾರು ಸಂಖ್ಯೆಯಲ್ಲಿ ಹೆಚ್ಚಿ ಅಲ್ಲಿನ ಗಿಡಗಳನ್ನೇ ಮುಗಿಸುತ್ತಿದೆ ಎಂದು ಸರಕಾರವೇ ಹೆಲಿಕಾಪ್ಟರಿನಿಂದ ಕೊಲ್ಲಿಸುತ್ತದೆ. ತನ್ನದಲ್ಲದ ಜಾಗದಲ್ಲಿ ಒಂದು ಥಾರ್ ಉಪದ್ರ, ತನ್ನದೇ ಜಾಗದಲ್ಲಿ ಇನ್ನೊಂದು ಥಾರಿಗೆ ಉಳಿಗಾಲ ಇಲ್ಲ.

ಮಸ್ಕತ್‌ನಲ್ಲಿ ಇರುವವರಿಗೆ ಒಂದು ಮಾತು

ಗಲ್ಫ್‌ನಲ್ಲಿ ಇರುವ ನಮ್ಮ ಓದುಗರಿಗೆ ಮುನ್ನಾರ್ ದೂರ. ಆದರೆ ಅರೇಬಿಯಾದ ಥಾರ್ ಹತ್ತಿರವೇ ಉಂಟು. ಒಮಾನ್ ಮತ್ತು ಯುಎಇಯ ಹಜರ್ ಪರ್ವತಗಳಲ್ಲಿ ಮಾತ್ರ ಬದುಕುವ ಪ್ರಾಣಿ ಅದು. ಮೂರು ಥಾರ್‌ಗಳಲ್ಲಿ ಅದೇ ಸಣ್ಣದು. ದೊಡ್ಡ ಹಿಂಡು ಕಟ್ಟುವುದಿಲ್ಲ, ಒಂಟಿಯಾಗಿ ಅಥವಾ ಎರಡು-ಮೂರು ಒಟ್ಟಿಗೆ ಇರುತ್ತದೆ. ಒಣ ಬೆಟ್ಟದಲ್ಲಿ ಇದ್ದರೂ ಬೇಸಿಗೆಯಲ್ಲಿ ಎರಡು-ಮೂರು ದಿನಕ್ಕೊಮ್ಮೆ ನೀರು ಬೇಕೇ ಬೇಕು. ಒಮಾನ್ ಸರಕಾರ 1970ರ ದಶಕದಲ್ಲೇ ವಾದಿ ಸರೀನ್‌ನಲ್ಲಿ ಇದಕ್ಕಾಗಿ ರಕ್ಷಿತ ಪ್ರದೇಶ ಮಾಡಿತು. ಇದೂ ಅಳಿವಿನಂಚಿನ ಪಟ್ಟಿಯಲ್ಲಿದೆ. ಸಾಕು ಆಡುಗಳು ಅದೇ ಮೇವು, ಅದೇ ನೀರಿಗೆ ಬರುವುದು ಮತ್ತು ಕಳ್ಳಬೇಟೆ ಅದರ ದೊಡ್ಡ ತೊಂದರೆಗಳು.

ಇದರ ವೈಜ್ಞಾನಿಕ ಹೆಸರಿನಲ್ಲಿ ಒಬ್ಬ ಭಾರತೀಯ ಇದ್ದಾರೆ ಗೊತ್ತುಂಟಾ? 'ಅರೇಬಿಟ್ರಾಗಸ್ ಜಯಕಾರಿ'. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಮಸ್ಕತ್‌ನಲ್ಲಿ ಹಲವು ವರ್ಷ ವೈದ್ಯರಾಗಿದ್ದ ಆತ್ಮಾರಾಮ್ ಸದಾಶಿವ ಜಯಕರ್ ಅಲ್ಲಿನ ಮೀನು, ಹಲ್ಲಿ, ಹಾವು, ಪ್ರಾಣಿಗಳ ಮಾದರಿಗಳನ್ನು ಸಂಗ್ರಹಿಸಿ ಲಂಡನ್ನಿನ ಮ್ಯೂಸಿಯಂಗೆ ಕಳಿಸುತ್ತಿದ್ದರು. 1894ರಲ್ಲಿ ಈ ಥಾರಿಗೆ ಅವರ ಹೆಸರನ್ನೇ ಇಟ್ಟರು. ದುಡಿಯಲಿಕ್ಕೆಂದು ಗಲ್ಫ್‌ಗೆ ಹೋದ ಒಬ್ಬರು ರೋಗಿಗಳನ್ನು ನೋಡಿ ಮುಗಿದ ಮೇಲೆ ಸುತ್ತಲಿನ ಬೆಟ್ಟವನ್ನೂ ಕಣ್ಣು ಬಿಟ್ಟು ನೋಡಿದರು. ವಾರದ ರಜೆಯಲ್ಲಿ ಹಜರ್ ಬೆಟ್ಟಕ್ಕೆ ಟ್ರೆಕ್ಕಿಂಗ್ ಹೋಗುವ ನಮ್ಮ ಹುಡುಗರಿಗೆ ಇದೊಂದು ಒಳ್ಳೆಯ ಮಾದರಿ.

ಈಗ ಏನು ನಡೆಯುತ್ತಿದೆ?

ತಮಿಳುನಾಡು ಸರಕಾರ 25.14 ಕೋಟಿ ರೂಪಾಯಿಯ 'ಪ್ರಾಜೆಕ್ಟ್ ನೀಲಗಿರಿ ಥಾರ್' ಯೋಜನೆಯನ್ನು 2023ರ ಅಕ್ಟೋಬರ್‌ನಲ್ಲಿ ಆರಂಭಿಸಿತು. ಗಣತಿ, ಕುತ್ತಿಗೆಗೆ ರೇಡಿಯೋ ಕಾಲರ್ ಹಾಕಿ ಓಡಾಟದ ಅಧ್ಯಯನ, ರೋಗಕ್ಕೆ ಚಿಕಿತ್ಸೆ, ಹಿಂದೆ ಇದ್ದು ಈಗ ಇಲ್ಲದ ಬೆಟ್ಟಗಳಿಗೆ ಮತ್ತೆ ಬಿಡುವುದು, ಹುಲ್ಲುಗಾವಲು ಮರಳಿ ತರುವುದು ಇದರ ಕೆಲಸಗಳು. 1975ರಲ್ಲಿ ಈ ಪ್ರಾಣಿಯ ಬಗ್ಗೆ ಮೊದಲ ಅಧ್ಯಯನಗಳಲ್ಲಿ ಒಂದನ್ನು ಮಾಡಿದ ಇ.ಆರ್.ಸಿ. ಡೇವಿದಾರ್ ಅವರ ನೆನಪಿಗೆ ಅಕ್ಟೋಬರ್ 7ನ್ನು ನೀಲಗಿರಿ ಥಾರ್ ದಿನ ಎಂದು ಆಚರಿಸುತ್ತಾರೆ. ಕೇರಳದಲ್ಲಿ ಮುನ್ನಾರ್ ಹತ್ತಿರದ ಪಳತೋಟ್ಟಂನಲ್ಲಿ ಬೆಂಕಿಗೆ ಸುಟ್ಟ ಪರದೇಶಿ ಮರಗಳ ಜಾಗದಲ್ಲಿ ಮತ್ತೆ ಸ್ಥಳೀಯ ಹುಲ್ಲು ಬೆಳೆಸಿದ್ದಾರೆ.

2025ರ ಗಣತಿಯಲ್ಲಿ ಕೇರಳದಲ್ಲಿ 1,365, ತಮಿಳುನಾಡಿನಲ್ಲಿ 1,303 ಸಿಕ್ಕವು. ಎರಡೂ ರಾಜ್ಯದವರು ಒಂದೇ ದಿನಗಳಲ್ಲಿ ಲೆಕ್ಕ ಮಾಡಿದ್ದರಿಂದ ಗಡಿ ದಾಟುವ ಪ್ರಾಣಿಯನ್ನು ಎರಡು ಸಲ ಎಣಿಸುವ ತಪ್ಪು ಕಡಿಮೆಯಾಯಿತು. ಗಡಿ ನಮಗೆ, ಅದಕ್ಕಲ್ಲ. ಗಡಿನಾಡಿನಲ್ಲಿ ಬದುಕುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ರಾಜಮಲೆಗೆ ಹೋಗುವಾಗ

ರಾಜಮಲೆಯ ವರಯಾಡುಗಳಿಗೆ ಮನುಷ್ಯರ ಹೆದರಿಕೆ ಕಡಿಮೆ. ದಾರಿಯ ಬದಿಯಲ್ಲೇ ಮೇಯುತ್ತಾ ಇರುತ್ತವೆ. ಕೆಲವು ವರ್ಷದ ಹಿಂದೆ ಸ್ನೇಹಿತರ ಜೊತೆ ಹೋದಾಗ ನಮ್ಮ ಗುಂಪಿನಲ್ಲೇ ಒಬ್ಬ ಚಿಪ್ಸ್ ಪ್ಯಾಕೆಟ್ ತೆರೆದು ಮರಿಯ ಮುಂದೆ ಹಿಡಿದ. ಅದು ಮೂಸಿ ನೋಡಿತು, ನಾವೆಲ್ಲ ನಕ್ಕು ಫೋಟೋ ತೆಗೆದೆವು. ಪಕ್ಕದಲ್ಲಿದ್ದ ಕಾವಲುಗಾರ ಬಂದು ಪ್ಯಾಕೆಟ್ ಕಸಿದುಕೊಂಡು, "ಉಪ್ಪಿನ ರುಚಿ ಹಿಡಿದರೆ ನಾಳೆ ಪ್ಲಾಸ್ಟಿಕ್ಕನ್ನೂ ನೆಕ್ಕುತ್ತದೆ, ಹೊಟ್ಟೆಗೆ ಹೋದರೆ ಸಾಯುತ್ತದೆ" ಎಂದರು. ಆ ದಿನ ನಮಗೆ ನಾಚಿಕೆಯಾಯಿತು. ಈ ಬರಹಕ್ಕೆ ಅದೂ ಒಂದು ಕಾರಣ.

ಹಾಗಾಗಿ ಕೆಲವು ವಿಷಯ ನೆನಪಿರಲಿ. ಫೆಬ್ರವರಿ-ಮಾರ್ಚ್‌ನಲ್ಲಿ ಉದ್ಯಾನ ತೆರೆದಿದೆಯಾ ಎಂದು ಕೇಳಿಕೊಂಡೇ ಹೊರಡಿ. ತಿನ್ನಲಿಕ್ಕೆ ಏನೂ ಕೊಡಬೇಡಿ. ಹತ್ತಿರ ಬಂದರೂ ಮುಟ್ಟಬೇಡಿ, ಕೊಂಬು ಹಿಡಿದು ಸೆಲ್ಫಿ ತೆಗೆಯುವ ಹುಚ್ಚಂತೂ ಬೇಡವೇ ಬೇಡ. ಹಿಂಡಿನ ಮತ್ತು ಬಂಡೆಯ ನಡುವೆ ನಿಲ್ಲಬೇಡಿ, ಅದು ಓಡಿ ಹೋಗುವ ದಾರಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಇರುವ ಪ್ರಾಣಿ ಇದು. ಬೇಟೆಯಾಡಿದರೆ, ಹಿಡಿದರೆ ಕನಿಷ್ಠ ಮೂರು ವರ್ಷ ಜೈಲು, ಅದು ಏಳು ವರ್ಷದವರೆಗೂ ಹೋಗಬಹುದು, ಜೊತೆಗೆ ದಂಡ. ಉದ್ಯಾನದ ಒಳಗೆ ಪ್ರಾಣಿಯನ್ನು ಕೀಟಲೆ ಮಾಡುವುದೂ ಅಪರಾಧವೇ. ಒಂದು ನಿಮಿಷದ ರೀಲ್ಸ್‌ಗಾಗಿ ಪಾಸ್‌ಪೋರ್ಟ್, ಕೆಲಸ ಎಲ್ಲ ತೊಂದರೆಗೆ ಸಿಕ್ಕಿಸಿಕೊಳ್ಳುವುದು ಯಾಕೆ?

ಕಾನೂನಿನ ಮಾತು ಬಿಡಿ. ಮುಂದಿನ ನೀಲಕುರಿಂಜಿ ಅರಳುವ 2030ಕ್ಕೆ ಇಂದಿನ ನಮ್ಮ ಹೈಸ್ಕೂಲ್ ಮಕ್ಕಳು ಕಾಲೇಜು ಮುಗಿಸಿ ತಮ್ಮದೇ ಬೈಕಿನಲ್ಲಿ ಆ ಬೆಟ್ಟ ಹತ್ತುತ್ತಾರೆ. ನೀಲಿ ಹೂವಿನ ನಡುವೆ, ಬಂಡೆಯ ತುದಿಯಲ್ಲಿ, ಮರಿಯ ಜೊತೆ ನಿಂತ ಒಂದು ವರಯಾಡು ಅವರಿಗೂ ಕಾಣಸಿಗಲಿ. ಆಗ ಅವರು "ಇದೆಂಥ ಆಡು?" ಎಂದು ಕೇಳಿದರೆ, "ಇದು ಆಡಲ್ಲ ಮೋನೆ, ಕಥೆ ಹೇಳ್ತೇನೆ ಬಾ" ಎನ್ನಲಿಕ್ಕೆ ನಮಗೂ ಗೊತ್ತಿರಲಿ.